ಕೂಸನೂರಿನ ಗಾಯರಾಣ, ಸವಣೂರಿನ ಅಂಗಳ

ಮಾನವ ಹಕ್ಕು ಅನ್ನುವ ಮಾತು ನಮ್ಮ ಹಳ್ಳಿಗಳಿಗೆ ಭಾಷಣದ ರೂಪದಲ್ಲಿ ಬಂತು. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಘೋಷಣೆ ಹೊರಡಿಸಿತು. ಅಂದಿನಿಂದ ಪ್ರತಿ ವರ್ಷ ಆ ದಿನ ವೇದಿಕೆ ಹಾಕುತ್ತಾರೆ, ಹಾರ ಹಾಕುತ್ತಾರೆ, ಮಾತಾಡುತ್ತಾರೆ. ಆದರೆ ಹಕ್ಕು ಇದೆಯೋ ಇಲ್ಲವೋ ಎಂಬುದು ವೇದಿಕೆಯ ಮೇಲೆ ತಿಳಿಯುವುದಿಲ್ಲ. ಸರ್ಕಾರವೂ ಕಂಪನಿಯೂ ಬಡವನ ಬಾಗಿಲಿಗೆ ಬಂದ ದಿನ ಹೇಗೆ ನಡೆದುಕೊಂಡವು ಅನ್ನುವುದೇ ಅದರ ಅಳತೆಗೋಲು. ಆ ಕೋಲನ್ನು ಹಿಡಿದು ನಮ್ಮದೇ ನೆಲದ ಎರಡು ಘಟನೆಗಳನ್ನು ಅಳೆದು ನೋಡೋಣ.

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯವು, ಆಮೇಲೆ ಹಾವೇರಿ ಜಿಲ್ಲೆಯವು. ಕನಕದಾಸರ ಬಾಡ, ಶರೀಫರ ಶಿಶುನಾಳ ಎರಡೂ ಶಿಗ್ಗಾವಿ ತಾಲ್ಲೂಕಿನವು. ಏಕಾಂತದ ರಾಮಯ್ಯನ ಅಬ್ಬಲೂರು ಹಿರೇಕೆರೂರಿನದು. ಕುಲ ಕೇಳಬೇಡಿರೋ ಅಂದವರು ಹುಟ್ಟಿದ ನೆಲವಿದು ಎಂದು ನಾವು ಹೆಮ್ಮೆ ಪಡುತ್ತೇವೆ. ಹೆಮ್ಮೆ ಪಡಲಿ, ಬೇಡ ಅನ್ನುವುದಿಲ್ಲ. ಆದರೆ ಈ ನೆಲದಲ್ಲಿ ಆಮೇಲೆ ಏನು ನಡೆಯಿತು ಎಂಬ ಲೆಕ್ಕವನ್ನೂ ಕೇಳಬೇಕು.

ಮೊದಲ ಘಟನೆ ಹಾನಗಲ್ಲ ತಾಲ್ಲೂಕಿನ ಕೂಸನೂರಿನದು.

1984ರ ನವೆಂಬರ್ 14ರಂದು ಕರ್ನಾಟಕ ಸರ್ಕಾರವೂ ಬಿರ್ಲಾ ಒಡೆತನದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಒಂದು ಒಪ್ಪಂದ ಮಾಡಿಕೊಂಡವು. ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಅದರಲ್ಲಿ ಸರ್ಕಾರದ ಪಾಲು ಶೇಕಡಾ 51, ಕಾರ್ಖಾನೆಯ ಪಾಲು ಶೇಕಡಾ 49. ರೇಯಾನ್ ನೂಲಿಗೆ ಬೇಕಾದ ನೀಲಗಿರಿ ಬೆಳೆಯುವುದು ಕಂಪನಿಯ ಕೆಲಸ. ಅದಕ್ಕಾಗಿ ನಾಲ್ಕು ಜಿಲ್ಲೆಗಳಲ್ಲಿ 30,000 ಹೆಕ್ಟೇರ್, ಅಂದರೆ ಸುಮಾರು 75 ಸಾವಿರ ಎಕರೆ ಭೂಮಿಯನ್ನು 40 ವರ್ಷ ಗುತ್ತಿಗೆ ಕೊಡುವುದೆಂದಾಯಿತು. ಗುತ್ತಿಗೆ ದರ ಎಷ್ಟು ಗೊತ್ತೇ? ಎಕರೆಗೆ ವರ್ಷಕ್ಕೆ ಒಂದು ರೂಪಾಯಿ! ಬೆಳೆದ ಮರದಲ್ಲಿ ಶೇಕಡಾ 87.5 ನೇರ ಕಾರ್ಖಾನೆಗೆ. ಉಳಿದ 12.5ನ್ನೂ ಕೊಳ್ಳುವ ಅವಕಾಶ ಅದೇ ಕಾರ್ಖಾನೆಗೆ. ಕಂಪನಿ ಎತ್ತುವ ಸಾಲಕ್ಕೆ ಜಾಮೀನು ನಿಲ್ಲಲು ಸರ್ಕಾರವೇ ತಯಾರು.

ಈ ಭೂಮಿ ಯಾವುದು? ಕಾಗದದಲ್ಲಿ ಅದು ಸರ್ಕಾರದ್ದು, ಬಹುಪಾಲು 'ಸಿ' ಮತ್ತು 'ಡಿ' ವರ್ಗದ ಪಾಳು ಭೂಮಿ. ಊರವರ ಬಾಯಲ್ಲಿ ಅದು ಗಾಯರಾಣ, ಗುಡ್ಡ, ಹುಲ್ಲುಗಾವಲು. ಪಾಳು ಎಂದು ಬರೆದ ಗುಮಾಸ್ತನಿಗೆ ಅಲ್ಲಿ ಏನೂ ಕಾಣಲಿಲ್ಲ. ಒಲೆಗೆ ಕಟ್ಟಿಗೆ ತರುವ ಹೆಂಗಸಿಗೆ, ನಾಲ್ಕು ಆಡು ಕಟ್ಟಿಕೊಂಡು ಬದುಕುವ ಕೇರಿಯ ಮನೆಗೆ, ನೇಗಿಲಿಗೊಂದು ಮರ ಹುಡುಕುವ ಬಡ ರೈತನಿಗೆ ಅಲ್ಲಿ ಎಲ್ಲವೂ ಇತ್ತು. ಹೊಲ ಇದ್ದವನ ದನ ಸುಗ್ಗಿ ಮುಗಿದ ಮೇಲೆ ಅವನ ಹೊಲದಲ್ಲೇ ಮೇಯುತ್ತದೆ. ಹೊಲವೇ ಇಲ್ಲದವನ ಆಡು ಎಲ್ಲಿ ಮೇಯಬೇಕು? ದಲಿತನಿಗೆ ಗಾಯರಾಣವೇ ಪಹಣಿಯಿಲ್ಲದ ಹೊಲ. ಹಸುವೂ ಮೂಸದ, ನೆಲದ ನೀರು ಹೀರುವ ನೀಲಗಿರಿ ಅಲ್ಲಿಗೆ ಬಂದರೆ ಮೊದಲು ಒಲೆ ಆರುವುದು ಕೇರಿಯಲ್ಲೇ.

ಇನ್ನೊಂದು ಮಾತನ್ನೂ ಮರೆಯಬಾರದು. 1983ರ ಕಾಯ್ದೆಯ ಮೂಲಕ ಹಳ್ಳಿಗೆ ಅಧಿಕಾರ ಕೊಡುತ್ತೇವೆ, ಮಂಡಲ ಪಂಚಾಯ್ತಿ ಮಾಡುತ್ತೇವೆ ಎಂದು ಸಾರಿದ ಸರ್ಕಾರವೇ ಇದು. ಅಧಿಕಾರ ಹಳ್ಳಿಗೆ, ಹಳ್ಳಿಯ ನೆಲ ಕಾರ್ಖಾನೆಗೆ! ನೆಲ ಕೊಡುವಾಗ ಹಳ್ಳಿಯವರನ್ನು ಒಂದು ಮಾತು ಕೇಳಿದವರಿಲ್ಲ.

ಜನ ಸುಮ್ಮನಿರಲಿಲ್ಲ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ, ಶಿವರಾಮ ಕಾರಂತರು ಮತ್ತಿತರರು 1986ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಸಿಕ್ಕಿತು. ಆದರೆ ದಿಲ್ಲಿಯ ಕಾಗದ ನಂಬಿ ಕೈಕಟ್ಟಿ ಕೂತರೆ ಆಗುವುದಿಲ್ಲವೆಂದು ಊರಿನ ಜನಕ್ಕೆ ಗೊತ್ತಿತ್ತು. ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, 1987ರ ನವೆಂಬರ್ 14ರಂದು, ಸುಮಾರು ಎರಡು ಸಾವಿರ ಮಂದಿ ಕೂಸನೂರಿನಲ್ಲಿ ಸೇರಿದರು. ಗಂಡಸರು, ಹೆಂಗಸರು, ಮಕ್ಕಳು ಮೆರವಣಿಗೆ ಹೊರಟರು. ಪೊಲೀಸರು ನೋಡುತ್ತಿರುವಂತೆಯೇ ನೂರು ನೀಲಗಿರಿ ಸಸಿ ಕಿತ್ತರು. ಕಿತ್ತು ಸುಮ್ಮನೆ ಬರಲಿಲ್ಲ. ಅದೇ ಜಾಗದಲ್ಲಿ ಹಣ್ಣು ಕೊಡುವ, ಮೇವು ಕೊಡುವ ಗಿಡ ಹಚ್ಚಿದರು. ಇದೇ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ. ಬರೀ ಬೇಡ ಅನ್ನುವ ಚಳವಳಿಯಲ್ಲ ಇದು, ಏನು ಬೇಕು ಎಂದು ನೆಲದಲ್ಲೇ ಬರೆದು ತೋರಿಸಿದ ಚಳವಳಿ. 1991ರಲ್ಲಿ ಆ ಕಂಪನಿ ಮುಚ್ಚಿತು.

2011ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಮಂಡಳಿ ವ್ಯಾಪಾರ ಮತ್ತು ಮಾನವ ಹಕ್ಕುಗಳ ಕುರಿತು ಮಾರ್ಗಸೂತ್ರಗಳನ್ನು ಒಪ್ಪಿತು. ಅದರ ತಿರುಳು ಮೂರೇ ಮಾತು: ಸರ್ಕಾರ ಹಕ್ಕನ್ನು ಕಾಯಬೇಕು, ಕಂಪನಿ ಹಕ್ಕನ್ನು ಗೌರವಿಸಬೇಕು, ಹಕ್ಕು ಕಳೆದುಕೊಂಡವನಿಗೆ ಪರಿಹಾರದ ದಾರಿ ಇರಬೇಕು. ಈ ಮಾತು ಕಾಗದಕ್ಕೆ ಇಳಿಯುವ 24 ವರ್ಷ ಮೊದಲೇ ಕೂಸನೂರು ಅದನ್ನು ಕೇಳಿತ್ತು. ಕಾಯಬೇಕಾದ ಸರ್ಕಾರವೇ 51 ಪಾಲಿನ ಒಡೆಯ ಆದರೆ ಕಾಯುವವರು ಯಾರು? ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ ಅಲ್ಲವೇ?

ಎರಡನೆಯ ಘಟನೆ ಸವಣೂರಿನದು. ಇಲ್ಲಿ ದೊಡ್ಡ ಕಂಪನಿ ಇಲ್ಲ, ಬಿರ್ಲಾ ಇಲ್ಲ. ಇಲ್ಲಿ ವ್ಯಾಪಾರಕ್ಕೆ ಇಳಿದದ್ದು ಪುರಸಭೆ.

ಸವಣೂರಿನ ಭಂಗಿ ಸಮುದಾಯದ ಕೆಲವೇ ಕುಟುಂಬಗಳು ಸುಮಾರು ಎಪ್ಪತ್ತು ವರ್ಷದಿಂದ ಒಂದೇ ಜಾಗದಲ್ಲಿದ್ದವು. ಊರಿನ ಮಲ ಎತ್ತಿದ್ದು ಅವರೇ. ಆ ಜಾಗದಲ್ಲಿ ವಾಣಿಜ್ಯ ಮಳಿಗೆ ಕಟ್ಟಬೇಕೆಂದು ಪುರಸಭೆ ಅವರನ್ನು ಏಳಿಸಹೊರಟಿತು. ನೀರೂ ನಿಂತಿತು. 2010ರ ಜುಲೈ 20ರಂದು ಅವರು ಪುರಸಭೆಯ ಎದುರು ನಿಂತು ತಮ್ಮ ಮೈಮೇಲೆ ಮಲ ಸುರಿದುಕೊಂಡರು.

ಈ ವಾಕ್ಯವನ್ನು ಬರೆದು ಮುಂದೆ ಹೋಗುವುದು ಸುಲಭವಲ್ಲ. ಯಾವ ಅರ್ಜಿಯನ್ನೂ ಓದದ ಕಚೇರಿಗೆ ಅವರು ತಮ್ಮ ಮೈಯನ್ನೇ ಅರ್ಜಿ ಮಾಡಿ ಕೊಟ್ಟರು. ನೀವು ಇಷ್ಟು ವರ್ಷ ನಮ್ಮ ತಲೆ ಮೇಲೆ ಹೊರಿಸಿದ್ದು ಇದೇ, ನೋಡಿರಿ ಅಂದರು. ನೋಡಿದವರು ಮೂಗು ಮುಚ್ಚಿಕೊಂಡರು; ನಾಚಿಕೆಯಿಂದ ಮುಖ ಮುಚ್ಚಿಕೊಂಡವರು ಎಷ್ಟು ಮಂದಿ?

ಕಾನೂನು ಇರಲಿಲ್ಲವೇ? ಇತ್ತು. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ 1970ರ ದಶಕದಲ್ಲೇ ಕರ್ನಾಟಕದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಷೇಧಿಸಿದ್ದರು. 1993ರಲ್ಲಿ ಕೇಂದ್ರದ ಕಾಯ್ದೆ ಬಂತು. ರಾಷ್ಟ್ರೀಯ ಮಾನವ ಹಕ್ಕು ಆಯೋಗ ಹುಟ್ಟಿದ್ದೂ ಅದೇ ವರ್ಷ. ಶಿಗ್ಗಾವಿ, ಸವಣೂರು ಎರಡೂ ಒಂದೇ ವಿಧಾನಸಭಾ ಕ್ಷೇತ್ರಕ್ಕೆ ಸೇರುತ್ತವೆ. 2010ರಲ್ಲಿ ಆ ಕ್ಷೇತ್ರದ ಶಾಸಕರು ರಾಜ್ಯದ ಸಚಿವರೂ ಆಗಿದ್ದರು. ಕಾನೂನು, ಆಯೋಗ, ಮಂತ್ರಿ ಎಲ್ಲವೂ ಇತ್ತು. ಆದರೂ ಕಚೇರಿ ಕಣ್ಣು ತೆರೆಯಲು ಮಲವೇ ಬೇಕಾಯಿತು. ಸುದ್ದಿ ನಾಡಿಗೆಲ್ಲ ಹಬ್ಬಿದ ಮೇಲೆ ಮನೆ ಕೊಡುತ್ತೇವೆ, ನೌಕರಿ ಕೊಡುತ್ತೇವೆ ಎಂಬ ಭರವಸೆಗಳು ಬಂದವು. 2013ರಲ್ಲಿ ಪುನರ್ವಸತಿಯನ್ನೂ ಸೇರಿಸಿದ ಹೊಸ ಕಾಯ್ದೆ ಬಂತು. 2014ರ ಮಾರ್ಚ್ 27ರಂದು ಸುಪ್ರೀಂ ಕೋರ್ಟು, 1993ರಿಂದ ಈಚೆಗೆ ಚರಂಡಿಗಳಲ್ಲಿ ಇಳಿದು ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಕೊಡಬೇಕೆಂದಿತು. 2023ರಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಸಾವಿನ ಬೆಲೆ ಏರಿತು. ಇಳಿಸುವ ಕೈ ಇನ್ನೂ ನಿಂತಿಲ್ಲ.

ಈಗ ಎರಡೂ ಘಟನೆಗಳನ್ನು ಪಕ್ಕಪಕ್ಕ ಇಡೋಣ. ಕೂಸನೂರಿನಲ್ಲಿ ಹೋಗಲಿದ್ದದ್ದು ಇಡೀ ಊರಿನ ದನದ ಮೇವು. ಹಾಗಾಗಿ ಎರಡು ಸಾವಿರ ಮಂದಿ ಬಂದರು, ಸಾಹಿತಿ ಬಂದರು, ಕೋರ್ಟು ಕೇಳಿತು. ಸವಣೂರಿನಲ್ಲಿ ಹೋಗಲಿದ್ದದ್ದು ಕೆಲವೇ ಮನೆ, ಅದೂ ಊರು ಮುಟ್ಟದವರ ಮನೆ. ಮಲ ಸುರಿದುಕೊಳ್ಳುವವರೆಗೆ ಅವರ ಜತೆ ಊರು ನಿಲ್ಲಲಿಲ್ಲ. ಹಕ್ಕಿನ ಅಳತೆಗೋಲು ಒಂದೇ ಎಂದು ಪುಸ್ತಕ ಹೇಳುತ್ತದೆ; ಊರಿನಲ್ಲಿ ಆ ಕೋಲು ಜಾತಿ ನೋಡಿ ಉದ್ದವಾಗುತ್ತದೆ, ಗಿಡ್ಡವಾಗುತ್ತದೆ. ಇದನ್ನು ಸರ್ಕಾರದ ತಪ್ಪು, ಕಂಪನಿಯ ತಪ್ಪು ಎಂದಷ್ಟೇ ಹೇಳಿ ಕೈ ತೊಳೆದುಕೊಂಡರೆ ನಾವೂ ಅರ್ಧ ಸತ್ಯ ಹೇಳಿದಂತೆ. ಕೂಸನೂರಿನ ಗೆಲುವನ್ನೂ ಇದೇ ಕಣ್ಣಿನಿಂದ ನೋಡಬೇಕು. ಕಂಪನಿ ಹೋದ ಮಾತ್ರಕ್ಕೆ ಗಾಯರಾಣ ಕೇರಿಯದಾಗುವುದಿಲ್ಲ. ಕಂಪನಿ ಬಿಟ್ಟುಹೋದ ನೆಲಕ್ಕೆ ಊರಿನ ದೊಡ್ಡವರೇ ಬೇಲಿ ಹಾಕಿದರೆ ಆಡು ಕಟ್ಟಿದವನಿಗೆ ಬಿರ್ಲಾನೂ ಒಂದೇ, ಗೌಡನೂ ಒಂದೇ.

ಇವತ್ತು ಷೇರುಪೇಟೆಯ ಮೊದಲ ಸಾವಿರ ಕಂಪನಿಗಳು ತಾವು ಮಾನವ ಹಕ್ಕುಗಳನ್ನು ಹೇಗೆ ಪಾಲಿಸುತ್ತೇವೆಂದು ಸೆಬಿಯ ನಮೂನೆಯಲ್ಲಿ ವರದಿ ಬರೆಯಬೇಕು. ಬರೆಯಲಿ, ಒಳ್ಳೆಯದೇ. ಆದರೆ ತನ್ನ ಪರೀಕ್ಷೆಯ ಉತ್ತರಪತ್ರಿಕೆಯನ್ನು ತಾನೇ ತುಂಬುವವನಿಗೆ ಅಂಕ ಯಾರು ಹಾಕಬೇಕು? ನಮ್ಮ ಹಳ್ಳಿಯ ಮಾಸ್ತರರು, ಕಾಲೇಜು ಹುಡುಗರು, ಸಂಘದ ಕಾರ್ಯಕರ್ತರು ಹಾಕಬೇಕು. 2005ರ ಮಾಹಿತಿ ಹಕ್ಕು ಕಾಯ್ದೆ ಕೈಯಲ್ಲಿದೆ. ನಿಮ್ಮೂರ ಗಾಯರಾಣ ಎಷ್ಟು ಎಕರೆ ಇತ್ತು, ಈಗ ಎಷ್ಟಿದೆ, ಯಾರ ಬೇಲಿಯೊಳಗಿದೆ ಎಂದು ಕೇಳಿರಿ. ನಿಮ್ಮ ಪುರಸಭೆಯಲ್ಲಿ ಚರಂಡಿಗೆ ಇಳಿಯುವವರು ಯಾರು, ಅವರ ನೌಕರಿ ಖಾಯಂ ಆಗಿದೆಯೇ, ಅವರ ಮನೆಗೆ ಹಕ್ಕುಪತ್ರ, ನಲ್ಲಿ ಇದೆಯೇ ಎಂದು ಕೇಳಿರಿ. ಉತ್ತರ ಬಂದರೆ ಊರ ಕಟ್ಟೆಯ ಮೇಲೆ ಓದಿರಿ. ಬಾರದಿದ್ದರೆ ಅದನ್ನೂ ಓದಿರಿ. ಈ ಸಲ ಓದುವಾಗ ಕೇರಿಯವರು ಕಟ್ಟೆಯ ಕೆಳಗೆ ನಿಂತಿರಬಾರದು, ಅಷ್ಟೆ.