ಗುಲ್ಮಾರ್ಗ್‌ಗೆ ಒಂದೇ ಜೊತೆ ಸ್ಕೀ: ನುರಿತವರ ಆಯ್ಕೆ ಹೇಗಿರಬೇಕು?

ಮುಂಬಯಿಯ ಕನ್ನಡ ಕುಟುಂಬಗಳಿಗೆ ಹಿಮವೆಂದರೆ ಬಹುಕಾಲ ಮನಾಲಿ ಪ್ರವಾಸದ ಛಾಯಾಚಿತ್ರವಷ್ಟೇ ಆಗಿತ್ತು. ಈಗ ನಮ್ಮ ಮಕ್ಕಳಲ್ಲಿ ಕೆಲವರು ಗುಲ್ಮಾರ್ಗ್‌ನಲ್ಲೋ ಮನಾಲಿಯಲ್ಲೋ ಕ್ರಮಬದ್ಧ ತರಬೇತಿ ಪಡೆದಿದ್ದಾರೆ; ಇನ್ನು ಕೆಲವರು ಅಮೆರಿಕ, ಕೆನಡಾಗಳಲ್ಲಿ ಓದುವಾಗ ಸ್ಕೀಯಿಂಗ್ ಕಲಿತು ಮರಳಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರು 2025ರಲ್ಲಿ ಚಿಲಿ ದೇಶದ ಅಂತರರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಕಂಚು ಗೆದ್ದ ಮೇಲಂತೂ ಕನ್ನಡಿಗರಿಗೂ ಈ ಕ್ರೀಡೆಗೂ ನಂಟು ಬೆಳೆದಿದೆ. ಆದರೆ ಅವರದು ಕ್ರಾಸ್-ಕಂಟ್ರಿ ವಿಭಾಗ. ಅಲ್ಲಿಯ ಹಲಗೆ ಬಲು ಸಪೂರ, ಹಿಮ್ಮಡಿ ಬಿಡಿಯಾಗಿರುತ್ತದೆ. ನಾವಿಲ್ಲಿ ಪರಿಶೀಲಿಸುತ್ತಿರುವುದು ಹಿಮ್ಮಡಿಯನ್ನೂ ಬಿಗಿದು ಕಡಿದಾದ ಇಳಿಜಾರಿನಲ್ಲಿ ಬಳಸುವ ಸ್ಕೀಗಳನ್ನು. ಅದರಲ್ಲಿಯೂ ಜಿಗಿತ, ತಿರುಗುಗಳಿಗೆ ಒದಗುವ ಫ್ರೀಸ್ಟೈಲ್ ಮತ್ತು ಬೆಟ್ಟದ ಎಲ್ಲ ಬಗೆಯ ಹಿಮಕ್ಕೆ ಒಗ್ಗುವ ಆಲ್-ಮೌಂಟನ್, ಈ ಎರಡರ ಗುಣವನ್ನೂ ಒಂದೇ ಜೊತೆಯಲ್ಲಿ ಬಯಸುವ ನುರಿತವರಿಗಾಗಿ ಈ ಮಾಹಿತಿ.

ಎರಡೂ ತುದಿ ಮೇಲಕ್ಕೆ ಬಾಗಿದ ಜೋಡಿತುದಿ ಸ್ಕೀಯನ್ನು 1998ರಲ್ಲಿ ಸಲೊಮನ್ ಕಂಪೆನಿಯು ‘ಟೆನ್‌ಎಯ್ಟಿ’ ಎಂಬ ಹೆಸರಿನಲ್ಲಿ ತಂದ ಮೇಲೆ, ಹಿಂಬದಿಯಾಗಿ ಇಳಿಯುವುದೂ ಜಾರುವುದೂ ಯುವಕರಿಗೆ ಸಾಧ್ಯವಾಯಿತು. 2002ರ ಸುಮಾರಿಗೆ ಶೇನ್ ಮೆಕಾಂಕಿ ಎಂಬ ಸಾಹಸಿ, ನೀರಿನ ಮೇಲೆ ಜಾರುವ ಹಲಗೆಯಿಂದ ಸ್ಫೂರ್ತಿ ಪಡೆದು, ತುದಿಗಳು ಹಿಮದಿಂದ ಮೇಲೆದ್ದು ನಿಲ್ಲುವ ‘ಸ್ಪ್ಯಾಟುಲಾ’ವನ್ನು ರೂಪಿಸಿದನು. ಇಂದಿನ ಬಹುಪಯೋಗಿ ಸ್ಕೀಗಳು ಬಹುಮಟ್ಟಿಗೆ ಈ ಎರಡು ಕಲ್ಪನೆಗಳ ಮಕ್ಕಳು.

ಸ್ಕೀಯ ಮೇಲೆ ಮೂರು ಅಂಕಿಗಳಿರುತ್ತವೆ: ಮುಂತುದಿ, ನಡು ಮತ್ತು ಬಾಲದ ಅಗಲ, ಮಿಲಿಮೀಟರುಗಳಲ್ಲಿ. ಮೊದಲು ನೋಡಬೇಕಾದುದು ನಡುವಿನ ಅಂಕಿ. 85ರ ಆಸುಪಾಸಿನದು ಗಟ್ಟಿಯಾಗಿ ಹದಗೊಳಿಸಿದ ದಾರಿಯಲ್ಲಿ ಚುರುಕಾಗಿ ತಿರುಗುತ್ತದೆ. 110ನ್ನು ಮೀರಿದ್ದು ಆಳವಾದ ಹುಡಿಹಿಮದಲ್ಲಿ ತೇಲುತ್ತದೆಯಾದರೂ ಗಟ್ಟಿ ಹಿಮದಲ್ಲಿ ಮೊಣಕಾಲಿಗೆ ಭಾರ. ನಮ್ಮವರು ಹೆಚ್ಚಾಗಿ ಹೋಗುವ ಗುಲ್ಮಾರ್ಗ್‌ನ ಹೆಸರಿರುವುದು ಯಂತ್ರದಿಂದ ಹದಗೊಳಿಸದ ಹಿಮಕ್ಕೆ. ಅಲ್ಲಿಯ ಗೊಂಡೋಲದ ಎರಡನೆಯ ಹಂತವು 2005ರಲ್ಲಿ ಆರಂಭವಾಗಿ ಅಫರ್ವಟ್ ಪರ್ವತದ 3,900 ಮೀಟರಿಗೂ ಮೇಲಣ ಎತ್ತರಕ್ಕೆ ಜನರನ್ನು ಒಯ್ದಿತು. ಇದನ್ನು ಕೇಳಿದೊಡನೆ ಅತ್ಯಂತ ಅಗಲದ ಹಲಗೆಯನ್ನೇ ಕೊಳ್ಳುವ ಉತ್ಸಾಹ ಹುಟ್ಟುವುದು ಸಹಜ. ಆದರೆ ಹಿಮವು ಪ್ರತಿವರ್ಷ ಹೇಳಿದ ಮಾತು ಕೇಳುವುದಿಲ್ಲ. 2024ರ ಜನವರಿಯಲ್ಲಿ ಗುಲ್ಮಾರ್ಗ್ ಬಹುತೇಕ ಬರಿದಾಗಿತ್ತು. ಆ ವರ್ಷವೂ 2025ರಲ್ಲಿಯೂ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳ ಗುಲ್ಮಾರ್ಗ್ ಹಂತವನ್ನು ಹಿಮದ ಅಭಾವದಿಂದ ಮುಂದೂಡಬೇಕಾಯಿತು. ತೆಳುಹಿಮದ ಕೆಳಗೆ ಕಲ್ಲುಗಳು ಅಡಗಿರುತ್ತವೆ. ಹೀಗಾಗಿ ಒಂದೇ ಜೊತೆ ಕೊಳ್ಳುವವರಿಗೆ 95ರಿಂದ 105ರೊಳಗಿನ ನಡುವೇ ಯೋಗ್ಯವೆಂದು ನಮ್ಮ ಅಭಿಪ್ರಾಯ.

ಬಾಗಿನ ವಿಷಯದಲ್ಲಿ ಪಾದದ ಕೆಳಗೆ ಕ್ಯಾಂಬರ್, ತುದಿಗಳಲ್ಲಿ ರಾಕರ್ ಇರುವುದನ್ನೇ ಆರಿಸಬೇಕು. ಕ್ಯಾಂಬರ್ ಎಂದರೆ ಕಮಾನಿನಂತೆ ಮಧ್ಯಭಾಗ ಮೇಲೆದ್ದಿರುವುದು. ಅಂಚು ಗಟ್ಟಿ ಹಿಮವನ್ನು ಕಚ್ಚುವುದು ಇದರಿಂದಲೇ. ರಾಕರ್ ಎಂದರೆ ದೋಣಿಯ ಮೂತಿಯಂತೆ ತುದಿ ಏರಿರುವುದು. ಹುಡಿಹಿಮದಲ್ಲಿ ಮುಳುಗದಂತೆ ಕಾಯುವುದು ಇದು. ಒಳಗಿನ ತಿರುಳು ಮರದ್ದಿರಲಿ. ಅದರ ಜೊತೆಗೆ ಟೈಟಾನಲ್ ಎಂಬ ಅಲ್ಯೂಮಿನಿಯಂ ಮಿಶ್ರಲೋಹದ ಹಾಳೆಯಿದ್ದರೆ ವೇಗದಲ್ಲಿ ಅದುರುವುದಿಲ್ಲ, ಆದರೆ ತೂಕ ಏರುತ್ತದೆ, ಗಾಳಿಯಲ್ಲಿ ತಿರುಗಿಸುವುದು ಕಷ್ಟ. ನಾರ್ಡಿಕಾದ ‘ಎನ್‌ಫೋರ್ಸರ್’ ಮಾಲಿಕೆ ಲೋಹದ ಗಾಂಭೀರ್ಯಕ್ಕೆ ಹೆಸರಾದರೆ, ಅರ್ಮಾಡಾದ ‘ಎ.ಆರ್.ವಿ.’ ಮಾಲಿಕೆ ಆಟದ ಲವಲವಿಕೆಗೆ. ಬ್ಲಿಜರ್ಡ್‌ನ ‘ರಸ್ಲರ್’ ಇವೆರಡರ ನಡುವೆ ನಿಲ್ಲುತ್ತದೆ. ಶಿವಾಜಿ ಪಾರ್ಕಿನ ಹುಡುಗನು ಹೆಸರನ್ನು ನೋಡಿ ಬ್ಯಾಟು ಕೊಳ್ಳುವುದಿಲ್ಲ, ಎತ್ತಿ ಬೀಸಿ ನೋಡಿ ಕೊಳ್ಳುತ್ತಾನೆ. ಇಲ್ಲಿಯೂ ಅಷ್ಟೆ, ಬಾಡಿಗೆಗೆ ಪಡೆದು ಎರಡು ದಿನ ಇಳಿದು ನೋಡುವುದೇ ಪರೀಕ್ಷೆ.

ಉದ್ದ ನಮ್ಮ ಎತ್ತರದಷ್ಟೇ ಇರಬಹುದು. ರಾಕರ್ ಹೆಚ್ಚಿರುವ ಸ್ಕೀಯಾದರೆ ನಾಲ್ಕಾರು ಸೆಂಟಿಮೀಟರ್ ಹೆಚ್ಚಾದರೂ ನುರಿತವರಿಗೆ ತೊಡಕಿಲ್ಲ. ಬೈಂಡಿಂಗನ್ನು ಸ್ಕೀಯ ನಟ್ಟನಡುವೆ ಕೂರಿಸಿದರೆ ಜಿಗಿತಕ್ಕೆ ಅನುಕೂಲ, ಆದರೆ ಹುಡಿಹಿಮದಲ್ಲಿ ಮುಂತುದಿ ಹೂತುಹೋಗುತ್ತದೆ. ಒಂದೆರಡು ಅಂಗುಲ ಹಿಂದಕ್ಕೆ ಕೂರಿಸುವುದು ನಡುದಾರಿ.

ಹಣ ಉಳಿಸಬಾರದ ಜಾಗವೆಂದರೆ ಬೂಟು ಮತ್ತು ಬೈಂಡಿಂಗ್. ಬೂಟನ್ನು ಅಂತರ್ಜಾಲದಲ್ಲಿ ಅಳತೆ ಹೇಳಿ ತರಿಸುವುದಕ್ಕಿಂತ, ವಿದೇಶಪ್ರವಾಸದ ಸಂದರ್ಭದಲ್ಲಿ ಅಂಗಡಿಯಲ್ಲಿ ಕುಳಿತು ಕಾಲಿಗೆ ಹೊಂದಿಸಿಕೊಳ್ಳುವುದು ಲೇಸು. ಬಿದ್ದಾಗ ಬೂಟನ್ನು ಬಿಟ್ಟುಕೊಡುವ ಬೈಂಡಿಂಗಿನ ಬಿಗಿಯನ್ನು ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ ಮತ್ತು ಇಳಿಯುವ ಶೈಲಿ ಇವಿಷ್ಟನ್ನೂ ಲೆಕ್ಕಹಾಕಿ ತಂತ್ರಜ್ಞನೇ ನಿಗದಿಪಡಿಸಬೇಕು. ಸ್ನೇಹಿತನ ಸ್ಕೀಯನ್ನು ಹಾಗೆಯೇ ತೊಟ್ಟು ಇಳಿದರೆ, ಬಿಡಬೇಕಾದಾಗ ಬಿಡದೆ ಮೊಣಕಾಲಿನ ಅಸ್ಥಿರಜ್ಜು ಹರಿಯಬಹುದು. ಬೂಟಿನ ಅಡಿಯ ಮಾದರಿಯೂ ಬೈಂಡಿಂಗಿಗೆ ಒಪ್ಪಬೇಕು: ಗ್ರಿಪ್‌ವಾಕ್ ಅಡಿಯ ಬೂಟು ಹಳೆಯ ಬೈಂಡಿಂಗುಗಳಿಗೆ ಹೊಂದುವುದಿಲ್ಲ.

ಸ್ಕೀ ಎಷ್ಟೇ ಉತ್ತಮವಾಗಿದ್ದರೂ ಹಿಮಕುಸಿತವನ್ನು ತಡೆಯಲಾರದು. 2023ರ ಫೆಬ್ರವರಿಯಲ್ಲಿ ಅಫರ್ವಟ್‌ನ ಹಾಪತ್‌ಖುಡ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ನಲ್ಲಿಯೇ ರಷ್ಯಾದ ಒಬ್ಬ ಸ್ಕೀಯಾಳು ಹಿಮಕುಸಿತಕ್ಕೆ ಬಲಿಯಾದರು. ಗಡಿಗುರುತಿನ ಹೊರಗೆ ಇಳಿಯುವ ಮಕ್ಕಳಿದ್ದರೆ, ಸ್ಕೀಯ ಬೆಲೆಯಲ್ಲಿ ಸ್ವಲ್ಪ ತಗ್ಗಿಸಿಯಾದರೂ ಟ್ರಾನ್ಸೀವರ್, ಶೋಧನ ಸರಳು, ಸಲಿಕೆ ಮೂರನ್ನೂ ಕೊಡಿಸಬೇಕು. ಅವುಗಳ ಬಳಕೆಯನ್ನು ಕಲಿಸುವ ಸ್ಥಳೀಯ ಮಾರ್ಗದರ್ಶಿಯನ್ನೂ ಗೊತ್ತುಮಾಡಬೇಕು. ಹೆತ್ತವರು ಈ ಒಂದು ವಿಷಯದಲ್ಲಿ ಪಟ್ಟುಹಿಡಿದರೆ ತಪ್ಪಿಲ್ಲ.

ಇನ್ನು ಮುಂಬಯಿಗೆ ತಂದ ಮೇಲಿನ ಆರೈಕೆ. ವರ್ಷದಲ್ಲಿ ಎರಡು ವಾರ ಹಿಮ ಕಾಣುವ ಸ್ಕೀ ಉಳಿದ ಐವತ್ತು ವಾರ ಅಂಧೇರಿಯಲ್ಲೋ ಡೊಂಬಿವಲಿಯಲ್ಲೋ ಅಟ್ಟದ ಮೇಲಿರುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಅದರ ಉಕ್ಕಿನ ಅಂಚುಗಳು ಬೇಗನೆ ತುಕ್ಕುಹಿಡಿಯುತ್ತವೆ. ಮರಳಿದ ಕೂಡಲೇ ಒರಸಿ, ಒಣಗಿಸಿ, ಅಡಿಗೂ ಅಂಚಿಗೂ ದಪ್ಪನಾಗಿ ಮೇಣ ಹಚ್ಚಿ, ಅದನ್ನು ಹೆರೆಯದೆ ಮುಂದಿನ ಚಳಿಗಾಲದವರೆಗೆ ಹಾಗೆಯೇ ಬಿಡಬೇಕು. ಮೇಣ ಕರಗಿಸಲು ಬಟ್ಟೆಯ ಇಸ್ತ್ರಿಪೆಟ್ಟಿಗೆ ಬೇಡ. ಸ್ಕೀಯೂ ಕೆಡುತ್ತದೆ, ಮನೆಯ ಶಾಂತಿಯೂ ಕೆಡುತ್ತದೆ. ಎರಡು ಹಲಗೆಗಳನ್ನು ಬಿಗಿದು ಕಟ್ಟದೆ, ಒದ್ದೆ ಚೀಲದಲ್ಲಿಡದೆ, ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಒಣ ಗೋಡೆಗೆ ಒರಗಿಸಿಟ್ಟರೆ ಸಾಕು.