ಫಿರಂಗಿ ಪರದೇಶದ್ದು, ಗುಂಡು ನಮ್ಮದೇ

ಶಾಲೆಯ ಕ್ರೀಡಾಕೂಟದಲ್ಲಿ ಎಸೆಯುವ ಕಬ್ಬಿಣದ ಚೆಂಡಿಗೆ ಗುಂಡು ಎಂದು ಹೆಸರು. ಒರಳಿನಲ್ಲಿ ಉರುಳುವ ಕಲ್ಲೂ ಗುಂಡು. ಬಂದೂಕಿನಿಂದ ಹಾರುವ ಸೀಸದ ತುಣುಕೂ ಗುಂಡೇ. ಒಂದೇ ಮಾತು ಇಷ್ಟು ವಸ್ತುಗಳಿಗೆ ಅಂಟಿಕೊಂಡದ್ದರ ಹಿಂದೆ ತೋಪುಗಳ ಚರಿತ್ರೆಯಿದೆ.

ಕುಂದಾಪುರದ ಬಳಿಯ ಬಸರೂರು ಹಿಂದೆ ಅಕ್ಕಿ ವ್ಯಾಪಾರಕ್ಕೆ ಹೆಸರಾಗಿದ್ದ ಬಂದರು. 1569ರಲ್ಲಿ ಪೋರ್ಚುಗೀಸರು ಅದನ್ನು ಗೆದ್ದು ಇಲ್ಲಿ ಕೋಟೆ ಕಟ್ಟಿದರು. 1650ರ ದಶಕದಲ್ಲಿ ಕೆಳದಿಯ ಶಿವಪ್ಪ ನಾಯಕ ಅವರನ್ನು ಹೊರದಬ್ಬಿದ. 1665ರಲ್ಲಿ ಶಿವಾಜಿ ಹಡಗುಗಳೊಡನೆ ಬಂದು ಬಸರೂರನ್ನು ಸೂರೆ ಮಾಡಿದ.

ಆ ಕಾಲದ ಪೋರ್ಚುಗೀಸರಲ್ಲಿ ಕಲ್ಲಿನ ಗುಂಡು ಹಾರಿಸಲೆಂದೇ ಮಾಡಿದ ತೋಪುಗಳಿದ್ದವು. ಅವುಗಳ ಹೆಸರು ‘ಪೆದ್ರೈರೊ’. ಅವರ ಭಾಷೆಯಲ್ಲಿ ‘ಪೆದ್ರ’ ಎಂದರೆ ಕಲ್ಲು. ಕಬ್ಬಿಣವನ್ನು ನೀರಾಗಿ ಕರಗಿಸಿ ಎರಕ ಹೊಯ್ಯಲು ಭಾರಿ ಕುಲುಮೆ ಬೇಕು. ಕಲ್ಲಿಗೆ ಕಲ್ಲುಕುಟಿಗನ ಉಳಿ ಸಾಕು. ಇಪ್ಪತ್ತು ಸೆಂಟಿಮೀಟರ್ ಅಡ್ಡಳತೆಯ ಕಲ್ಲಿನ ಗುಂಡು ಸುಮಾರು 11 ಕಿಲೋ ತೂಗಿದರೆ, ಅಷ್ಟೇ ಗಾತ್ರದ ಕಬ್ಬಿಣದ್ದು ಸುಮಾರು 30 ಕಿಲೋ. ಹಗುರವಾದ ಗುಂಡಿಗೆ ಮದ್ದು ಕಡಿಮೆ ಸಾಕು. ತೋಪಿನ ಗೋಡೆಯೂ ತೆಳುವಾಗಿರಬಹುದು. ಆದರೆ ಕೋಟೆಗೋಡೆಗೆ ಬಡಿದಾಗ ಕಲ್ಲೇ ಒಡೆಯುವುದುಂಟು. ಕಬ್ಬಿಣ ಅಗ್ಗವಾದಂತೆ ಕಲ್ಲು ಹಿಂದೆ ಸರಿಯಿತು.

ಹೆಸರು ಮಾತ್ರ ಸರಿಯಲಿಲ್ಲ. ಇಂಗ್ಲಿಷಿನಲ್ಲಿ ತೋಪಿನ ಗುಂಡಿಗೆ ‘ಗನ್‌ಸ್ಟೋನ್’ ಎಂಬ ಹಳೆಯ ಮಾತಿತ್ತು. ಲೋಹದ ಗುಂಡು ಬಂದ ಮೇಲೂ ಅದು ಕೆಲಕಾಲ ಉಳಿಯಿತು. ಕನ್ನಡದ ಗುಂಡು ಇನ್ನೂ ಜೀವಂತವಾಗಿದೆ. ದುಂಡಗಿನ ವಸ್ತು, ದುಂಡುಕಲ್ಲು ಎಂಬ ಅರ್ಥಗಳ ಈ ಮಾತು ತಮಿಳು, ತೆಲುಗು, ತುಳುಗಳಲ್ಲೂ ಇದೆ. ‘ಫಿರಂಗಿ’ಯ ಕತೆ ಬೇರೆ. ಅದು ಐರೋಪ್ಯರನ್ನು, ವಿಶೇಷವಾಗಿ ಪೋರ್ಚುಗೀಸರನ್ನು ಕರೆಯುತ್ತಿದ್ದ ಹೆಸರು. ಘಟ್ಟದ ಮೇಲಿನವರ ಪರಂಗಿ ಹಣ್ಣಿಗೂ ಅದೇ ಮೂಲ. ಹೊಸ ಆಯುಧಕ್ಕೆ ತಂದವರ ಹೆಸರಿಟ್ಟ ಜನ, ಅದರ ಬಾಯಿಂದ ಹಾರಿದ್ದಕ್ಕೆ ಮಾತ್ರ ತಮ್ಮದೇ ಮಾತು ಬಳಸಿದರು.

ಹಳೆಯ ಕೋಟೆಯ ಆಸುಪಾಸಿನಲ್ಲಿ ತೋಟ ಅಗೆಯುವಾಗ ದುಂಡುಕಲ್ಲು ಸಿಕ್ಕಿದರೆ ಒಮ್ಮೆ ನಿಂತು ನೋಡಬೇಕು. ರುಬ್ಬುಗುಂಡಾದರೆ ತುಸು ನೀಳ, ತಲೆಯಲ್ಲಿ ಹಿಡಿಕೆಯ ಕುಳಿಯೂ ಇರಬಹುದು. ತೋಪಿನ ಗುಂಡು ಎಲ್ಲ ಕಡೆಯಿಂದಲೂ ಸಮದುಂಡು. ಅದರ ಅಳತೆ ತೋಪಿನ ಬಾಯಿಯ ಅಳತೆಯನ್ನು ಹೇಳುತ್ತದೆ. ಸಿಕ್ಕಿದ ಜಾಗ ಕಾದಾಟದ ದಿಕ್ಕನ್ನೂ ಹೇಳಬಹುದು. ಆ ಜಾಗವನ್ನು ಗುರುತು ಮಾಡದೆ ಎತ್ತಿ ಅಂಗಳದಲ್ಲಿಟ್ಟರೆ ಚರಿತ್ರೆ ಅಳಿಸಿಹೋಗಿ ಕಲ್ಲಷ್ಟೇ ಉಳಿಯುತ್ತದೆ.