ಒರಳು ಫಿರಂಗಿ ಮತ್ತು ಅದನ್ನು ಹೊತ್ತ ಮರ

ಈ ಶಾಲೆಯ ಇತಿಹಾಸದ ತರಗತಿಯಲ್ಲಿ ಯುದ್ಧಗಳ ಇಸವಿಗಳನ್ನು ಬಾಯಿಪಾಠ ಮಾಡಿದವರು ನಾವು. ಬಿ.ಇ. ಮುಗಿಸಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಮೇಲೆ, ಗೆದ್ದವರಿಗಿಂತ ಸಲಕರಣೆ ಮಾಡಿಕೊಟ್ಟವರ ಬಗ್ಗೆ ನನಗೆ ಕುತೂಹಲ ಹೆಚ್ಚಾಯಿತು. ಹಾಗೆ ಓದಿ ತಿಳಿದ ಒಂದು ಸಂಗತಿಯನ್ನು ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮಾರ್ಟರ್ ಎಂದರೆ ಗಿಡ್ಡ ಕೊಳವೆಯ, ಅಗಲ ಬಾಯಿಯ ಫಿರಂಗಿ. ಲ್ಯಾಟಿನ್ ಭಾಷೆಯಲ್ಲಿ ಈ ಹೆಸರಿನ ಮೂಲ ಅರ್ಥ ಒರಳು. ಗುಂಡನ್ನು ಕೋಟೆಗೋಡೆಯ ಮೇಲಿನಿಂದ ಹಾರಿಸಿ ಒಳಗೆ ಬೀಳಿಸುವುದು ಇದರ ಕೆಲಸ. ಡಚ್ ಎಂಜಿನಿಯರ್ ಮೆನ್ನೊ ವಾನ್ ಕೂಹೋರ್ನ್ 1674ರಲ್ಲಿ ಗ್ರಾವ್ ಕೋಟೆಯ ಮುತ್ತಿಗೆಯಲ್ಲಿ ಇದರ ಚಿಕ್ಕ ಮಾದರಿಯನ್ನು ಬಳಸಿದನು. ಆ ಜಾತಿಯ ಫಿರಂಗಿಗೆ ಅವನ ಹೆಸರೇ ನಿಂತಿತು.

ಸಾಮಾನ್ಯ ಫಿರಂಗಿ ಸಿಡಿದಾಗ ಅದರ ಗಾಡಿ ಹಿಂದಕ್ಕೆ ಉರುಳಿ ಹೊಡೆತವನ್ನು ತಾಳಿಕೊಳ್ಳುತ್ತದೆ. ಮಾರ್ಟರ್‌ನ ಬಾಯಿ ಸುಮಾರು 45 ಡಿಗ್ರಿ ಮೇಲಕ್ಕೆತ್ತಿರುವುದರಿಂದ ಹೊಡೆತ ನೆಲದ ಕಡೆಗೂ ಬೀಳುತ್ತದೆ. ಅದಕ್ಕೆ ಚಕ್ರ, ಅಚ್ಚು ತಡೆಯುವುದಿಲ್ಲ. ಆದ್ದರಿಂದ ನೆಲಕ್ಕೆ ಕಚ್ಚಿ ಕೂರುವ ದಪ್ಪ ಮರದ ಪೀಠವೇ ಅದರ ಗಾಡಿ. ಅಮೆರಿಕದ ಅಂತರ್ಯುದ್ಧದ 24 ಪೌಂಡರ್ ಕೂಹೋರ್ನ್‌ನ ಕೊಳವೆ ಸುಮಾರು 74 ಕೆ.ಜಿ. ಇತ್ತು; ಪೀಠ ಸೇರಿ ಸುಮಾರು 134 ಕೆ.ಜಿ. ಪೀಠದ ಹಿಡಿಗಳನ್ನು ಹಿಡಿದು ಸೈನಿಕರು ಅದನ್ನು ಕಂದಕಗಳ ಒಳಗೆ ಹೊತ್ತೊಯ್ಯುತ್ತಿದ್ದರು.

1863ರ ವಿಕ್ಸ್‌ಬರ್ಗ್ ಮುತ್ತಿಗೆಯಲ್ಲಿ ಮರದ ಕೆಲಸ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಗಟ್ಟಿ ಮರದ ದಿಮ್ಮಿ ಕೊರೆದು, ಕಬ್ಬಿಣದ ಪಟ್ಟಿ ಬಿಗಿದು, ಫಿರಂಗಿಯನ್ನೇ ಮರದಿಂದ ಮಾಡಿಕೊಂಡರೆಂದು ಜನರಲ್ ಗ್ರಾಂಟ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಮರಕ್ಕೆ ಕಬ್ಬಿಣ ಬಿಗಿಯುವ ಈ ವಿದ್ಯೆ ನಮಗೆ ಹೊಸದಲ್ಲ. ಎತ್ತಿನ ಗಾಡಿಯ ಚಕ್ರಕ್ಕೆ ಕಾಯಿಸಿದ ಹಳಿ ಏರಿಸಿ, ನೀರು ಹೊಯ್ದು ಬಿಗಿಗೊಳಿಸುವುದನ್ನು ನಮ್ಮ ಹಿರಿಯರು ಬಲ್ಲರು.

ನಮ್ಮ ನಾಡಿಗೂ ಈ ಕಥೆಯಲ್ಲಿ ಪಾಲಿದೆ. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ನಂತರ ಈಸ್ಟ್ ಇಂಡಿಯಾ ಕಂಪನಿ ಶ್ರೀರಂಗಪಟ್ಟಣದಲ್ಲಿ ಫಿರಂಗಿ ಗಾಡಿಗಳ ಕಾರ್ಖಾನೆ ನಡೆಸಿತು. ಕಂಪನಿಯ ಫಿರಂಗಿಗಳನ್ನು ಎಳೆದದ್ದು ನಮ್ಮ ಅಮೃತಮಹಲ್ ಎತ್ತುಗಳು. ಆರ್ಥರ್ ವೆಲ್ಲೆಸ್ಲಿಯ ಹೆಸರು ಪಠ್ಯಪುಸ್ತಕಕ್ಕೆ ಬಂತು. ಮರ ಕೆತ್ತಿದ ಬಡಗಿಯ, ಪಟ್ಟಿ ಬಡಿದ ಕಮ್ಮಾರನ ಹೆಸರು ಬರಲಿಲ್ಲ.

ಈಗ ಇಲ್ಲಿ ಓದುತ್ತಿರುವ ತಮ್ಮ ತಂಗಿಯರಲ್ಲಿ ನನ್ನದೊಂದು ವಿನಂತಿ. ಗಾಡಿ ಕಟ್ಟಲು ಬಲ್ಲ ಹಿರಿಯರು ನಿಮ್ಮ ಊರಿನಲ್ಲಿದ್ದರೆ ಅವರ ಬಳಿ ಕೂತು, ಯಾವ ಮರ, ಎಷ್ಟು ಅಳತೆ, ಹಳಿ ಎಷ್ಟು ಕಾಯಬೇಕು ಎಂಬುದನ್ನು ಕೇಳಿ ಬರೆದಿಡಿ. ಅವರ ಹೆಸರನ್ನೂ ಬರೆಯಿರಿ. ನಮ್ಮ ಊರುಗಳ ಇತಿಹಾಸಕ್ಕೆ ಅದೂ ಒಂದು ಪುಟ.